ನಡುಹೊಳೆಯಲ್ಲಿ ಒಂದು ನಗು

"ಗುರುಗಳೇ, ನನಗೂ ಒಂದು ಕೆಲಸ ಅಂತ ಕೊಡಬಾರದೇ?" ಎಂದು ಶಿಷ್ಯ ಕೇಳಿದ. "ಒಬ್ಬನಿಗೆ ಅಡುಗೆಮನೆ ಒಪ್ಪಿಸಿದಿರಿ, ಒಬ್ಬನಿಗೆ ಪಾಠ ಒಪ್ಪಿಸಿದಿರಿ. ನನಗೆ ಮಾತ್ರ ಮಠದ ಬಾಗಿಲಲ್ಲಿ ನಿಂತು ಬಂದವರ ಮುಖ ನೋಡಿ ನಗು ಎಂದಿರಿ. ನಕ್ಕರೆ ಯಾರ ಹೊಟ್ಟೆ ತುಂಬುತ್ತದೆ?"

"ಕೂತುಕೋ. ಕತೆ ಕೇಳಿದ ಮೇಲೆ ಬೇಕಾದ ಕೆಲಸ ಕೇಳುವೆಯಂತೆ" ಎಂದು ಗುರುಗಳು ಶುರು ಮಾಡಿದರು.

ಒಂದು ಹೊಳೆ. ಆ ಹೊಳೆಗೆ ಒಬ್ಬ ಅಂಬಿಗ. ಅವನ ಹರಿಗೋಲು ಎಂದರೆ ಬಿದಿರು ಹೆಣೆದು ಚರ್ಮ ಹೊದಿಸಿದ ದೊಡ್ಡ ಬುಟ್ಟಿ, ಅಷ್ಟೇ. ಬುಟ್ಟಿಗೆ ಹಿಂದು ಮುಂದು ಉಂಟೇ? ನೀರಿಗೆ ಬಿಟ್ಟರೆ ತಿರುಗುತ್ತದೆ. ತಿರುಗುವ ನೀರು ನೋಡಿದವರಿಗೆ ತಲೆ ಸುತ್ತುತ್ತದೆ. ಗಾಬರಿಯಲ್ಲಿ ಒಬ್ಬ ಎದ್ದು ನಿಂತನೋ, ಹರಿಗೋಲು ಮಗುಚಿತು ಎಂದೇ ತಿಳಿ. ಅದಕ್ಕೇ ಆ ಹೊಳೆಯಲ್ಲಿ ತಲೆತಲಾಂತರದ ಒಂದು ಕಟ್ಟಳೆ ಇತ್ತು. ಹತ್ತಿದವರು ನೀರು ನೋಡಬಾರದು, ಅಂಬಿಗನ ಮುಖವನ್ನೇ ನೋಡಬೇಕು.

ಒಂದು ದಿನ ಹೊಳೆ ತುಂಬಿತ್ತು. ಹರಿಗೋಲಿನಲ್ಲಿ ಒಂಬತ್ತು ಜನ. ಅಂಬಿಗನ ಎದುರಿಗೇ ಒಬ್ಬಳು ಮುದುಕಿ, ಸಂತೆಗೆ ಹೆಣೆದ ಮೊರಗಳನ್ನು ಮಡಿಲಲ್ಲಿ ಪೇರಿಸಿಕೊಂಡು ಕೂತಿದ್ದಳು. ನಡುಹೊಳೆಗೆ ಬಂದಾಗ ಅಂಬಿಗ ನೀರು ಮೀಟುತ್ತಿದ್ದ ಹುಟ್ಟು ಬಂಡೆಯ ಸಂದಿಗೆ ಸಿಕ್ಕಿ ಲಟಕ್ಕನೆ ಮುರಿಯಿತು. ಅಲಗು ನೀರು ಪಾಲಾಯಿತು. ಗೇಣುದ್ದದ ಹಿಡಿ ಮಾತ್ರ ಅವನ ಕೈಯಲ್ಲಿ ಉಳಿಯಿತು.

ಹೊಳೆಯ ಮೊರೆತದಲ್ಲಿ ಮುರಿದ ಸದ್ದು ಜನಕ್ಕೆ ಕೇಳಿಸಲಿಲ್ಲ. ಅವನು ಆ ಹಿಡಿಯನ್ನು ತೊಡೆಯ ಹಿಂದೆ ಬಚ್ಚಿಟ್ಟುಕೊಂಡ. ಹಿಡಿಯನ್ನು ಬಚ್ಚಿಡಬಹುದು, ಮುಖವನ್ನು ಎಲ್ಲಿ ಬಚ್ಚಿಡುವುದು? ಎಲ್ಲರ ಕಣ್ಣೂ ಅಲ್ಲೇ ನೆಟ್ಟಿದ್ದವು. ಇಷ್ಟು ದಿನ ಜನ ತನ್ನ ತೋಳನ್ನು ನಂಬಿದ್ದಾರೆ ಎಂದುಕೊಂಡಿದ್ದ. ನಂಬಿದ್ದು ಮುಖವನ್ನು ಎಂದು ಅವನಿಗೆ ಆಗ ತಿಳಿಯಿತು. ನಗಬೇಕು ಎಂದುಕೊಂಡ, ತುಟಿ ಅಂಟಿಕೊಂಡಿತ್ತು. ಕಣ್ಣು ಕತ್ತಲಿಟ್ಟಿತ್ತು. ಹರಿಗೋಲು ಗರಗರ ತಿರುಗತೊಡಗಿತು.

"ಏನಯ್ಯಾ ಅಂಬಿಗ, ದೆವ್ವ ಕಂಡವರ ಹಾಗೆ ಮುಖ ಮಾಡಿದ್ದೀಯಲ್ಲ!" ಎಂದು ಒಬ್ಬ ವ್ಯಾಪಾರಿ ಏಳಲು ಮೊಣಕಾಲೂರಿದ. ಅವನು ಎದ್ದರೆ ಒಂಬತ್ತು ಜನವೂ ನೀರಿಗೆ.

ಆಗ ಅಂಬಿಗನ ಕಣ್ಣಿಗೆ ಎದುರಿಗಿದ್ದ ಮುದುಕಿ ಬಿದ್ದಳು. ಅವಳು ನಗುತ್ತಿದ್ದಳು. ಊರಿಂದ ಬಂದ ಮೊಮ್ಮಗನನ್ನು ಕಂಡು ಹೊಸ್ತಿಲಲ್ಲಿ ಕೂತ ಅಜ್ಜಿ ಬಾಯಗಲಿಸಿ ನಗುತ್ತಾಳಲ್ಲ, ಹಾಗೆ. ಬಾಯಲ್ಲಿ ಹೆಸರಿಗೂ ಒಂದು ಹಲ್ಲಿರಲಿಲ್ಲ. ಅದನ್ನು ನೋಡಿ ಅಂಬಿಗನಿಗೆ ಏನಾಯಿತೋ, ಅವನಿಗೂ ಗೊತ್ತಿಲ್ಲ. ಅವನ ತುಟಿ ತಾನಾಗಿ ಬಿಚ್ಚಿಕೊಂಡಿತು. ಅವನು ನಕ್ಕ. ಅವನ ಮುಖ ನೋಡುತ್ತಿದ್ದ ವ್ಯಾಪಾರಿ, "ಥೂ ನಿನ್ನ, ಹೆದರಿಸಿಬಿಟ್ಟೆಯಲ್ಲೋ!" ಎಂದು ನಗುತ್ತ ಕೂತುಬಿಟ್ಟ. ನಗು ಒಬ್ಬರಿಂದ ಒಬ್ಬರಿಗೆ ಹರಿಗೋಲಿನ ಸುತ್ತ ಒಂದು ಸುತ್ತು ಬಂತು. ಯಾರೂ ಏಳಲಿಲ್ಲ.

ನಕ್ಕ ಮೇಲೆ ಅಂಬಿಗನ ಕಣ್ಣಿನ ಕತ್ತಲು ಬಿಟ್ಟಿತು. ಮಾರು ದೂರದಲ್ಲಿ ಮೊರಗಳಿದ್ದವು! ಅಷ್ಟು ಹೊತ್ತೂ ಅಲ್ಲೇ ಇದ್ದವು. ಎರಡು ಮೊರ ಸೆಳೆದು ಒಂದರ ಮೇಲೊಂದು ಹಿಡಿದು ನೀರಿಗೆ ಹಾಕಿದ. ಎಳೆದ, ಎಳೆದ, ಎಳೆದ. ಹರಿಗೋಲು ದಡ ಮುಟ್ಟಿತು.

ಎಲ್ಲರೂ ಇಳಿದು ಹೋದ ಮೇಲೆ ಅವನು ಮುದುಕಿಯನ್ನು ತಡೆದ. "ಅಜ್ಜೀ, ಹುಟ್ಟು ಮುರಿದದ್ದು ನಿನಗೆ ಕಾಣಲಿಲ್ಲವೇ? ಅದಕ್ಕೇ ನಗುತ್ತಿದ್ದೆಯಾ?"

"ಕಾಣದೆ ಏನಪ್ಪಾ, ಎದುರಿಗೇ ಕೂತಿದ್ದೆನಲ್ಲ. ಎಲ್ಲರಿಗಿಂತ ಮೊದಲು ಕಂಡದ್ದೇ ನನಗೆ. ಈಜು ಬಾರದು, ತೋಳಲ್ಲಿ ಬಲ ಇಲ್ಲ. ಮೊರದ ಯೋಚನೆ ನನಗೂ ಹೊಳೆದಿರಲಿಲ್ಲ. ನನ್ನ ಹತ್ತಿರ ಇದ್ದದ್ದು ಈ ಬೋಳು ಬಾಯಿ ಒಂದೇ. ಪಾಪ, ಈ ಮಗನ ಮುಖ ಬಾಡಿತಲ್ಲ ಎಂದು ಅದನ್ನೇ ಕೊಟ್ಟೆ. ಆ ಒದ್ದೆ ಮೊರ ನೀನೇ ಇಟ್ಟುಕೋ, ಹೆಂಡತಿಗೆ ಅಕ್ಕಿ ಕೇರಲು ಬರುತ್ತದೆ."

ಮುದುಕಿ ಉಳಿದ ಮೊರಗಳನ್ನು ತಲೆಗೇರಿಸಿ ಸಂತೆಯ ದಾರಿ ಹಿಡಿದಳು. ಅಂಬಿಗ ತುಂಬಿದ ಹೊಳೆಯನ್ನೊಮ್ಮೆ, ಅವಳ ಬಾಗಿದ ಬೆನ್ನನ್ನೊಮ್ಮೆ ನೋಡಿದ. ಅವಳು ಮರೆಯಾಗುವವರೆಗೂ ಕೈಮುಗಿದು ನಿಂತೇ ಇದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಆ ಅಜ್ಜಿಗೆ ಮುರಿದ ಹುಟ್ಟು ಕಂಡಿತ್ತು ಗುರುಗಳೇ. ನಮ್ಮ ಬಾಗಿಲಿಗೆ ಬರುವವರು ಚೆನ್ನಾಗಿಯೇ ಇರುತ್ತಾರಲ್ಲ?" ಎಂದ.

"ಇವತ್ತು ಬೆಳಿಗ್ಗೆ ಬಂದವರಲ್ಲಿ ಯಾರ್ಯಾರು ಮುರಿದ ಹುಟ್ಟನ್ನು ತೊಡೆಯ ಹಿಂದೆ ಬಚ್ಚಿಟ್ಟುಕೊಂಡಿದ್ದರು, ಹೇಳು ನೋಡೋಣ."