ತಪ್ಪು ಹೆಸರಿಗೆ ಓಗೊಡದ ಮಗು

ಪೂಜ್ಯ ನಿರ್ವಾಣಮ್ಮನವರು ಜಿಲ್ಲಾ ಆಸ್ಪತ್ರೆಯ ಹಿಂಬದಿಯಲ್ಲಿ, ತಗಡು ಹೊದಿಸಿದ ಒಂದು ಕೊಟ್ಟಿಗೆಯಲ್ಲಿ ವಾಸವಾಗಿದ್ದ ಕಾಲದ ಪ್ರಸಂಗವಿದು. ಅದೇ ಅವರ ಆಶ್ರಮ, ಅದೇ ಅಡುಗೆಮನೆ. ಮೂಲೆಯಲ್ಲಿ ಒಂದು ಚಾಪೆ, ಒಂದು ಕಂಬಳಿ ಅಮ್ಮನವರದು. ಉಳಿದ ಜಾಗವೆಲ್ಲ ಒಲೆಗಳಿಗೂ ಊಟದ ಸಾಲುಗಳಿಗೂ ಮೀಸಲು. ರೋಗಿಗಳ ಜೊತೆ ಹಳ್ಳಿಗಳಿಂದ ಬಂದು ಆಸ್ಪತ್ರೆಯ ವರಾಂಡದಲ್ಲಿ ದಿನ ತಳ್ಳುವವರಿಗೆ ಮಧ್ಯಾಹ್ನ ಅಲ್ಲಿ ಊಟ ಸಿಗುತ್ತಿತ್ತು.

ಇದೆಲ್ಲ ಹೇಗೆ ನಡೆಯುತ್ತದೆ ಎಂದು ಕೇಳಿದವರಿಗೆ ಅಮ್ಮನವರು ಗೋಡೆಯ ಪಕ್ಕ ಜೋಡಿಸಿದ್ದ ಸ್ಟೀಲ್ ತಟ್ಟೆಗಳನ್ನು ತೋರಿಸುತ್ತಿದ್ದರು. ಅಲ್ಲಿ ಹುಂಡಿ ಇರಲಿಲ್ಲ. ತೀರಿಕೊಂಡ ತಮ್ಮವರ ಹೆಸರು ಕೊರೆಸಿ ಜನ ಒಂದೊಂದು ತಟ್ಟೆ ಕೊಡುತ್ತಿದ್ದರು. ಹಾಗೆ ಕೊಟ್ಟ ಮನೆಗಳಿಂದ ಅಕ್ಕಿಯೋ ಬೇಳೆಯೋ ಕೇಳದೆಯೇ ಬರುತ್ತಿತ್ತು. ಮಾರುಕಟ್ಟೆಯವರು ಕೊಡುತ್ತಿದ್ದ ತರಕಾರಿಯನ್ನು ಆಟೋ ಓಡಿಸುವ ದಾದಾಪೀರ್ ಬಾಡಿಗೆಯಿಲ್ಲದೆ ತಂದು ಹಾಕುತ್ತಿದ್ದರು. ನಿವೃತ್ತ ನರ್ಸ್ ಸೆಲಿನಾ ಸಿಸ್ಟರ್ ಬಡಿಸುತ್ತಿದ್ದರು. ಬಿಡುವಿದ್ದವರು ಬಂದು ಪಾತ್ರೆ ತೊಳೆದು ಹೋಗುತ್ತಿದ್ದರು. ಸಂಬಳ ಯಾರಿಗೂ ಇರಲಿಲ್ಲ.

ಅಮ್ಮನವರು ಇಟ್ಟಿದ್ದ ನಿಯಮ ಒಂದೇ. ಬಡಿಸುವ ಮುನ್ನ ತಟ್ಟೆಯ ಮೇಲಿನ ಹೆಸರನ್ನು ಗಟ್ಟಿಯಾಗಿ ಕರೆಯಬೇಕು. ಅದರ ಮುಂದೆ ಕೂತವರು, ಯಾರೇ ಆಗಿರಲಿ, "ಇದ್ದೀನಿ" ಎನ್ನಬೇಕು. ಹೊಸಬರಿಗೆ ಇದನ್ನು ಕೇಳಿ ಮೈ ಜುಮ್ಮೆನ್ನುತ್ತಿತ್ತು. ಇಲ್ಲದವರ ಹೆಸರುಗಳನ್ನು ಕರೆಯುತ್ತ ಹೋದಂತೆ ಸಾಲಿನ ಉದ್ದಕ್ಕೂ ಇದ್ದೀನಿ, ಇದ್ದೀನಿ ಎಂಬ ದನಿಗಳು ಏಳುತ್ತಿದ್ದವು.

ಆ ತಟ್ಟೆಗಳಲ್ಲಿ ಎಷ್ಟೋ ಹೆಸರುಗಳನ್ನು ಕೊರೆದವರು ಪಾತ್ರೆ ಬೀದಿಯ ರುದ್ರಾಚಾರ್ಯರು. ಸಣ್ಣ ಉಳಿ, ಸಣ್ಣ ಸುತ್ತಿಗೆ, ಚುಕ್ಕೆಯ ಪಕ್ಕ ಚುಕ್ಕೆ ಇಟ್ಟು ಅಕ್ಷರ ಮೂಡಿಸುವುದು ಅವರ ಕಸುಬು. ಆಶ್ರಮದ ಮೇಲೆ ಮಾತ್ರ ಅವರಿಗೆ ನಂಬಿಕೆ ಇರಲಿಲ್ಲ. "ಹೆಸರು ಕೊರೆಸೋದು ಪಾತ್ರೆ ಕಳುವಾಗಬಾರದು ಅಂತ. ಸತ್ತೋರು ಬಂದು ಉಣ್ಣಲಿ ಅಂತಲ್ಲ" ಎನ್ನುತ್ತಿದ್ದರು.

ಅವರ ಒಬ್ಬಳೇ ಮಗಳು ಮೃಣಾಲಿನಿ ಚಿಕ್ಕವಳಿದ್ದಾಗಲೇ ಜ್ವರದಿಂದ ಅದೇ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಅಂದಿನಿಂದ ಆಚಾರ್ಯರು ಆ ಹೆಸರನ್ನು ಬಾಯಿಂದ ಆಡಲಿಲ್ಲ. ಹೆಂಡತಿ ಕಾಳಿಕಮ್ಮನವರನ್ನು ಅವರು ಕರೆಯುತ್ತಿದ್ದದ್ದೇ "ಮೃಣಾಲಿನಿ ಅಮ್ಮಾ" ಎಂದು. ಮಗಳ ಹೆಸರು ನಿಂತಾಗ ಹೆಂಡತಿಯನ್ನು ಕರೆಯುವುದೂ ನಿಂತಿತು. ಊಟಕ್ಕೆ ಬಂದರೆ ಕೆಮ್ಮುತ್ತಿದ್ದರು. ಹೊರಗೆ ಹೊರಟರೆ ಚಿಲಕ ಸದ್ದು ಮಾಡುತ್ತಿದ್ದರು. ಕಾಳಿಕಮ್ಮನವರು ಬದುಕಿದ್ದೂ ಆ ಮನೆಯಲ್ಲಿ ಹೆಸರಿಲ್ಲದವರಾದರು. ಒಂದು ದಿನ ಅವರು ಗಂಡನಿಗೆ ತಿಳಿಸದೆ, ಬಸ್ ನಿಲ್ದಾಣದ ಬಳಿ ಮಿಷನ್ನಿನಲ್ಲಿ ಹೆಸರು ಹಾಕುವ ಅಂಗಡಿಯಲ್ಲಿ ತಟ್ಟೆಯೊಂದಕ್ಕೆ ಮಗಳ ಹೆಸರು ಹಾಕಿಸಿ ಅಮ್ಮನವರ ಕೈಗೆ ಕೊಟ್ಟು ಬಂದರು.

ಆಚಾರ್ಯರಿಗೆ ಇದು ತಿಳಿದದ್ದು ಒಂದು ದಿನ ಅಂಗಡಿಗೆ ಬಂದ ದಾದಾಪೀರ್ ಅವರಿಂದ.

"ಏನಪ್ಪಾ, ಇನ್ನೊಂದು ಸತ್ತೋರ ತಟ್ಟೆ ತಂದೆಯಾ?" ಎಂದು ಆಚಾರ್ಯರು ತಲೆಯೆತ್ತದೆ ಕೇಳಿದರು.

"ಇಲ್ಲ ಆಚಾರ್ರೇ. ನಿಮ್ಮನೇದೇ ಒಂದೈತೆ ಅಲ್ಲಿ. ನಿಮ್ಮ ಮನೆಯೋರು ಕೊಟ್ಟಿದ್ದು." ದಾದಾಪೀರ್ ದನಿ ತಗ್ಗಿಸಿದರು. "ಅದರಲ್ಲಿ ಯಾರೂ ಉಣ್ಣಲ್ಲ ಕಣ್ರೀ. ಹೇಳಬಾರದು ಅಂತಿದ್ದೆ."

ಸುತ್ತಿಗೆ ಅರ್ಧದಲ್ಲೇ ನಿಂತಿತು. ತಟ್ಟೆಯನ್ನು ವಾಪಸು ತರುವುದೆಂದು ಆಚಾರ್ಯರು ಆಗಲೇ ಹೊರಟರು. ಕೈಲಿದ್ದ ಉಳಿ, ಸುತ್ತಿಗೆಯನ್ನು ಚೀಲಕ್ಕೆ ಹಾಕಿ, ಅಭ್ಯಾಸಬಲದಿಂದ ಅದನ್ನು ಹೆಗಲಿಗೇರಿಸಿಕೊಂಡಿದ್ದರು.

ಅವರು ತಲುಪಿದಾಗ ಪಂಕ್ತಿ ಕೂತಿತ್ತು. ಬಿಸಿಲಿಗೆ ಕಾದ ತಗಡು ಟಕ್ ಟಕ್ ಎನ್ನುತ್ತಿತ್ತು. ಸೆಲಿನಾ ಸಿಸ್ಟರ್ ಕರೆಯುತ್ತ ಬರುತ್ತಿದ್ದರು. "ಗಂಗಾಧರಪ್ಪ." ಬಾಣಂತಿ ಮಗಳಿಗಾಗಿ ಬಂದಿದ್ದ ಒಬ್ಬ ಹೆಂಗಸು "ಇದ್ದೀನಿ" ಎಂದಳು. "ಹೊನ್ನೂರಮ್ಮ." ಮೀಸೆಯ ಗಂಡಸೊಬ್ಬ ನಾಚುತ್ತ "ಇದ್ದೀನ್ರಿ" ಎಂದ. ಪಕ್ಕದವರು ಕಿಸಕ್ಕನೆ ನಕ್ಕರು.

"ಮ್ರಣಾಲಿನಿ."

ಯಾರೂ ಓಗೊಡಲಿಲ್ಲ. ಆ ತಟ್ಟೆಯ ಮುಂದೆ ಕೂರಬೇಕಿದ್ದ ಮುದುಕರೊಬ್ಬರು ಆಚೆ ಸರಿದಿದ್ದರು. ಸಿಸ್ಟರ್ ಜಾಗಕ್ಕಾಗಿ ಕಾಯುತ್ತಿದ್ದ ಹೆಂಗಸೊಬ್ಬಳಿಗೆ ಅಲ್ಲಿ ಕೂರಲು ಹೇಳಿದರು. ಅವಳು ಒಂದು ಹೆಜ್ಜೆ ಇಟ್ಟವಳು ಸೆರಗು ಎಳೆದುಕೊಂಡು ಹಿಂದೆ ನಿಂತಳು.

"ಯಾಕಜ್ಜಾ, ಅಲ್ಲೇ ಕೂತ್ಕೋಬಾರದೇ?" ಎಂದು ಸಿಸ್ಟರ್ ಮುದುಕರನ್ನು ಕೇಳಿದರು.

"ಇಲ್ಲೊಂದು ಮಗು ಕೂತೈತಲ್ಲ ತಾಯಿ," ಎಂದರು ಮುದುಕರು, ತೀರ ಸಹಜವಾಗಿ. "ಅದರ ಮೇಲೆ ಕೂರಕ್ಕಾಗುತ್ತಾ?"

ಆ ಮುದುಕರು ಊರಿಗೆ ಬಂದದ್ದು ಆ ದಿನ ಬೆಳಿಗ್ಗೆ. ಹಿಂದಿನ ದಿನ ಅದೇ ಮಾತು ಹೇಳಿದವರು ಬೇರೆ ಊರಿನವರು, ಅದರ ಹಿಂದಿನ ದಿನದವರೂ ಬೇರೆಯವರೇ. ಒಬ್ಬರು ಇನ್ನೊಬ್ಬರನ್ನು ಕಂಡವರಲ್ಲ.

ಆಚಾರ್ಯರು ಸಾಲನ್ನು ದಾಟಿ ಹೋಗಿ ತಟ್ಟೆಯನ್ನು ಎತ್ತಿಕೊಂಡರು. ಒಲೆಯ ಬಳಿಯಿದ್ದ ನಿರ್ವಾಣಮ್ಮನವರು ಎದ್ದು ಬಂದರು.

"ಇದನ್ನ ನಾನು ಒಯ್ತೀನಿ" ಎಂದರು ಆಚಾರ್ಯರು.

"ಒಯ್ಯಪ್ಪಾ, ನಿನ್ನದೇ" ಎಂದರು ಅಮ್ಮನವರು.

ಆಗ ಆಚಾರ್ಯರ ಕಣ್ಣು ಅಂಚಿನ ಅಕ್ಷರಗಳ ಮೇಲೆ ಬಿತ್ತು. ಜೀವಮಾನವೆಲ್ಲ ಹೆಸರು ಕೊರೆದ ಕಣ್ಣು ಅದು. 'ಮೃ' ಇರಬೇಕಾದ ಕಡೆ ಮಿಷನ್ನಿನವನು 'ಮ್ರ' ಎಂದು ಒತ್ತಿದ್ದ. ಸಿಸ್ಟರ್ ಇದ್ದದ್ದನ್ನು ಇದ್ದಂತೆ ಓದಿದ್ದರು.

"ಇದು ನನ್ನ ಮಗಳ ಹೆಸರೇ ಅಲ್ಲ" ಎಂದರು ಆಚಾರ್ಯರು.

"ತಪ್ಪು ಹೆಸರಿಗೆ ಯಾವ ಮಗು ಓಗೊಡುತ್ತದಪ್ಪಾ?" ಅಮ್ಮನವರು ಅವರ ಮುಖವನ್ನೇ ನೋಡಿದರು. "ಸರಿಯಾದದ್ದು ನಿನ್ನ ಹತ್ತಿರ ಇದೆ. ನೀನು ಕೊಡುತ್ತಿಲ್ಲ. ಅದಕ್ಕೇ ಕೂತಿದೆ."

ಆಚಾರ್ಯರು ತಟ್ಟೆ ಹಿಡಿದು ಅಲ್ಲೇ ನೆಲದ ಮೇಲೆ ಕೂತರು. ಚೀಲದಿಂದ ಉಳಿ, ಸುತ್ತಿಗೆ ತೆಗೆದರು. ಸ್ಟೀಲಿನ ಮೇಲೆ ಬಿದ್ದ ಅಕ್ಷರವನ್ನು ಅಳಿಸಲಾಗದು. ಅದರ ಕೆಳಗೆ ಹೊಸದಾಗಿ ಚುಕ್ಕೆ ಇಡತೊಡಗಿದರು. ಹಸಿದ ಪಂಕ್ತಿ ಕಾಯಿತು. ಕೊರೆದು ಮುಗಿಸಿ ತಟ್ಟೆಯನ್ನು ಅದರ ಜಾಗದಲ್ಲೇ ಇಟ್ಟರು. ಸಿಸ್ಟರ್ ಅನ್ನದ ಸೌಟನ್ನು ಅವರ ಕೈಗೆ ಕೊಟ್ಟರು. ಆಚಾರ್ಯರು ಆ ಹೆಸರನ್ನು ಗಟ್ಟಿಯಾಗಿ ಕರೆದರು.

"ಮೃಣಾಲಿನಿ."

ಯಾವ ದನಿಯೂ ಕೇಳಲಿಲ್ಲ. ಆದರೆ ಬಾಗಿಲಿಗೆ ಇಳಿಬಿಟ್ಟಿದ್ದ ಗೋಣಿಯ ಪರದೆ ಗಾಳಿಯಿಲ್ಲದೆ ಒಮ್ಮೆ ಆಡಿತು. ಒಲೆಯ ಉರಿ ಬಾಗಿ ಮತ್ತೆ ನೆಟ್ಟಗಾಯಿತು. ಆಚಾರ್ಯರು ಅನ್ನ ಬಡಿಸಿದರು. ಅದರ ಹಬೆ ಆರುವವರೆಗೂ ಅಮ್ಮನವರು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದರು. ಆಗ ಮುದುಕರು, ಯಾರೂ ಹೇಳದೆಯೇ, ಬಂದು ಆ ಜಾಗದಲ್ಲಿ ಕೂತರು.

"ಈಗ ಕೂರಬಹುದು. ಎದ್ದು ಹೋಯ್ತು."

ಆಚಾರ್ಯರು ಅವರ ಎದುರಿಗೆ ಬಗ್ಗಿದರು. "ಅಜ್ಜಾ, ಹೋಗಿದ್ದನ್ನ ನೋಡಿದಿರಾ? ಹೇಗೆ ಹೋಯ್ತು?"

"ಹೇಗೆ ಅಂದ್ರೆ? ಓಡಿಹೋಯ್ತಪ್ಪ. ಆ ವಯಸ್ಸಿನ ಮಕ್ಕಳು ಎಲ್ಲಾದರೂ ನಡೀತಾವಾ?"

ಕೊನೆಯ ದಿನಗಳಲ್ಲಿ ಮೃಣಾಲಿನಿಗೆ ಹಾಸಿಗೆಯಿಂದ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ಆಚಾರ್ಯರೇ ಎತ್ತಿಕೊಳ್ಳುತ್ತಿದ್ದರು. ಅವರು ಮುಖ ಮುಚ್ಚಿಕೊಂಡು ಅತ್ತರು. ಮುದುಕರು "ಇದ್ದೀನಿ" ಎಂದು ಹೇಳಿ, ತಲೆ ತಗ್ಗಿಸಿ ಊಟಕ್ಕೆ ಕೈ ಹಾಕಿದರು.

ಆಮೇಲೆ ರುದ್ರಾಚಾರ್ಯರು ಗುರುವಾರಗಳಂದು ಅಂಗಡಿ ತೆರೆಯದೆ ಬಡಿಸಲು ಬರುತ್ತಿದ್ದದ್ದು, ಆಶ್ರಮದ ತಟ್ಟೆಗಳಿಗೆ ಕೂಲಿ ಮುಟ್ಟದಿದ್ದದ್ದು ಆ ಬೀದಿಗೆಲ್ಲ ಗೊತ್ತು. ಅಂದು ಸಂಜೆ ಮನೆಯಲ್ಲಿ ನಡೆದದ್ದನ್ನು ಮಾತ್ರ ಕಾಳಿಕಮ್ಮನವರೇ ಹೇಳಬೇಕಾಯಿತು. ಅವರು ಒಳಗೆ ಹಿಟ್ಟು ನಾದುತ್ತಿದ್ದರಂತೆ. ಹೊರಗಿನಿಂದ ಕೆಮ್ಮು ಕೇಳಲಿಲ್ಲ, ಚಿಲಕ ಸದ್ದಾಗಲಿಲ್ಲ. "ಮೃಣಾಲಿನಿ ಅಮ್ಮಾ" ಎಂದು ಯಾರೋ ಕರೆದಂತಾಯಿತು. ಅವರು ನಾದುವುದನ್ನು ನಿಲ್ಲಿಸಿ ಕಿವಿಗೊಟ್ಟರು. ಹೊಸ್ತಿಲಿನಿಂದ ಅದೇ ದನಿ ಇನ್ನೊಮ್ಮೆ ಕರೆಯಿತು.

ಕಾಳಿಕಮ್ಮನವರು ಹಿಟ್ಟಿನ ಕೈಯಲ್ಲೇ ಎದ್ದು, "ಬಂದೆ" ಎಂದರು.