ಸುಮ್ಮನಿರುವ ಫೋನೂ ಲೆಕ್ಕದ ರಕ್ಕಸನೂ

“ಕೇಳ್ರಪ್ಪೋ ಕೇಳಿ! ಗುಡ್ಡದ ರಕ್ಕಸನ ಮೂರು ಒಗಟು ಬಿಡಿಸಿದವರಿಗೆ ಮಹಾರಾಜರು ಕೇಳಿದ್ದು ಕೊಡುತ್ತಾರೆ. ತಪ್ಪು ಹೇಳಿದವರು ರಕ್ಕಸನ ಹೊಟ್ಟೆಗೆ! ಆಮೇಲೆ ಅರಮನೆಯನ್ನು ದೂರಬೇಡಿ, ಕೇಳ್ರಪ್ಪೋ!”

ಡಂಗುರದವನು ಕಡಲಂಚಿನ ಕೇರಿಗೆ ಬಂದಾಗ ಮಂಕಾಳು ಹರಿದ ಬಲೆ ಹೊಲಿಯುತ್ತಾ ಕೂತಿದ್ದ. ಅವನ ಅಣ್ಣ ದೇವು ದೋಣಿ ಹತ್ತಿ ಆಳಕ್ಕೆ ಹೋಗಿ ಎರಡು ದಿನವಾಗಿತ್ತು. ಪಡುವಣದಲ್ಲಿ ಮೋಡ ಕಪ್ಪಾಗುತ್ತಿತ್ತು.

ಆ ರಾಜ್ಯದಲ್ಲಿ ಗಾಳಿ ಯಾವಾಗ ಏಳುತ್ತದೆ, ಎತ್ತ ತಿರುಗುತ್ತದೆ ಎಂದು ಲೆಕ್ಕ ಹಾಕುವವನು ರಕ್ಕಸನೊಬ್ಬನೇ. ದೂರದ ಗುಡ್ಡದ ಮೇಲೆ ಕೂತು, ಊರೂರಿನ ಕರೆಂಟು ನುಂಗಿ, ಕೆರೆಕೆರೆಯ ನೀರು ಕುಡಿದು ಲೆಕ್ಕ ಹಾಕುತ್ತಿದ್ದ, ದೋಣಿಗಳ ಫೋನಿಗೆ ಸುದ್ದಿ ಕಳಿಸುತ್ತಿದ್ದ. ಅವನ ಹೊಟ್ಟೆಯೋ, ದಿನಕ್ಕಿಷ್ಟು ದೊಡ್ಡದಾಗುತ್ತಿತ್ತು. ರಾಜ ಇನ್ನು ಕೊಡಲಾರೆ ಎಂದ. “ಹಾಗಾದರೆ ಬೇರೆಯವರನ್ನು ಹುಡುಕಿಕೋ. ಯಾರೆಂಬುದು ನನ್ನ ಒಗಟಿನಲ್ಲೇ ಇದೆ” ಎಂದು ರಕ್ಕಸ ಕೆಲಸ ನಿಲ್ಲಿಸಿದ. ದೇವು ಹೋದ ಮಾರನೆಯ ದಿನವೇ ಹೀಗಾಯಿತು ನೋಡಿ, ಅವನ ಹಣೆಬರಹ!

“ಮಗಾ, ನೀನೂ ಹೋದರೆ ನನಗೆ ಯಾರೋ?” ಎಂದು ಅಜ್ಜಿ ಮಂಕಾಳುವಿನ ಅಂಗಿ ಹಿಡಿದು ಅತ್ತಳು.

“ಗಾಳಿಯ ಸುದ್ದಿ ಬಾರದಿದ್ದರೆ ಅಣ್ಣ ಬರೋದಿಲ್ಲ ಅಜ್ಜಿ” ಎಂದು ಅವನು ಸಿಕ್ಕಿದ ಮೀನಿನ ಲಾರಿ ಹತ್ತಿದ. ಧೈರ್ಯಶಾಲಿ ಎಂದುಕೊಳ್ಳಬೇಡಿ. ದಾರಿಯುದ್ದಕ್ಕೂ ಇಳಿದು ವಾಪಸು ಹೋಗಿಬಿಡಲೇ ಎಂದು ಹಿಂದೆ ತಿರುಗಿ ನೋಡುತ್ತಿದ್ದ.

ಗುಡ್ಡದ ಮೇಲೆ ರಾಜ, ಮಂತ್ರಿ, ಪರಿವಾರ, ಒಗಟು ಬಿಡಿಸಲು ಬಂದವರು ಎಲ್ಲರೂ ನೆರೆದಿದ್ದರು. ರಕ್ಕಸ ಮೊದಲ ಒಗಟು ಹೇಳಿದ: “ನನಗೊಬ್ಬ ತಮ್ಮ. ಎಲ್ಲರ ಮನೆಯಲ್ಲೂ ಇದ್ದಾನೆ. ಗೋಡೆಗೆ ಬಾಯಿ ಹಚ್ಚಿ ಹೊಟ್ಟೆ ತುಂಬಿಸಿಕೊಳ್ಳುತ್ತಾನೆ, ತುಂಬಿದ ಮೇಲೂ ಅಲ್ಲೇ ಬಿದ್ದಿರುತ್ತಾನೆ. ಯಾರು?”

ನೆರೆರಾಜ್ಯದ ರಾಜಕುಮಾರ ಮೀಸೆ ತಿರುವಿ ಮುಂದೆ ಬಂದ. “ಹಲ್ಲಿ!” ಎಂದ. ಗುಳುಂ! ಕಿರೀಟದ ಸಮೇತ ಒಳಗೆ ಹೋದ.

ಮಂಕಾಳು ಎರಡು ಹೆಜ್ಜೆ ಹಿಂದಕ್ಕೆ ಸರಿದ. “ಫೋನು ಅಲ್ಲವಾ ಒಡೆಯ? ಚಾರ್ಜಿಗೆ ಹಾಕಿದ್ದು” ಎಂದ. ರಕ್ಕಸ ಹಲ್ಲು ಕಡಿದ. ಅಂದರೆ ಸರಿ.

“ತಮ್ಮ ನನಗಿಂತ ಚಿಕ್ಕವನು, ಬಲವೂ ಕಡಿಮೆ. ಆದರೂ ಕಡಲಂಚಿನವರಿಗೆ ನನಗಿಂತ ಮೊದಲು ಅವನೇ ಉತ್ತರ ಹೇಳಬಲ್ಲ. ಯಾಕೆ?” ಎಂದು ಎರಡನೆಯ ಒಗಟು ಹಾಕಿದ.

ಆಸ್ಥಾನ ಪಂಡಿತರು ಶಾಲು ಸರಿಮಾಡಿಕೊಂಡು, “ಅವನು ನಿನಗಿಂತ ಜಾಣ, ಅದಕ್ಕೆ” ಎಂದರು. ಗುಳುಂ! ಶಾಲು ಮಾತ್ರ ಹೊರಗೆ ಉಳಿಯಿತು.

ಮಂಕಾಳು ಕಡಲ ಕಡೆ ತಿರುಗಿದ. ಗುಡ್ಡದಿಂದ ನೋಡಿದರೆ ಮೋಡ ಅರ್ಧ ಕಡಲನ್ನು ಮುಚ್ಚಿತ್ತು. “ಅವನು ಹತ್ತಿರದಲ್ಲಿದ್ದಾನಲ್ಲ ಒಡೆಯ, ಅದಕ್ಕೆ. ಮನೆಯೊಳಗೆ ಹಾವು ಬಂದರೆ ಸೇನಾಪತಿಯನ್ನು ಕರೆಯುತ್ತೇವಾ? ಪಕ್ಕದ ಮನೆಯವನನ್ನು ಕೂಗುತ್ತೇವೆ. ನಮ್ಮೂರ ಗಾಳಿಯ ಲೆಕ್ಕ ಇಲ್ಲಿಯವರೆಗೆ ಬಂದು ಹೋಗುವುದೇಕೆ? ಒಂದು ಫೋನಿಗೆ ಆಗದು ನಿಜ. ಆದರೆ ಕೇರಿಯ ಫೋನುಗಳೆಲ್ಲ ಒಂದೊಂದು ಹಿಡಿ ಲೆಕ್ಕ ಮಾಡಿದರೆ ಆಗುತ್ತದೆ.”

ರಾಜ ಕುಣಿದಾಡಿದ. “ಇಷ್ಟೇನಾ! ಕಡಲಂಚಿಗೆಲ್ಲ ಈಗಲೇ ಅಪ್ಪಣೆ ಹೋಗಲಿ. ಮನೆಯಲ್ಲಿ ಸುಮ್ಮನೆ ಇರುವ ಫೋನುಗಳನ್ನು ಅರಮನೆಯ ಲೆಕ್ಕಕ್ಕೆ ಸುಮ್ಮನೆ ಕೊಡತಕ್ಕದ್ದು!”

ಅಪ್ಪಣೆ ಹೋಯಿತು. ಒಂದು ಫೋನೂ ಬರಲಿಲ್ಲ. ಜನ ಫೋನು ಆಫ್ ಮಾಡಿ ಹಾಸಿಗೆಯ ಕೆಳಗೆ, ಅಕ್ಕಿ ಡಬ್ಬಿಯೊಳಗೆ ಬಚ್ಚಿಟ್ಟರಂತೆ. ಮಂಕಾಳು ಗಾಬರಿಯಲ್ಲಿ ಅಜ್ಜಿಗೆ ಕರೆ ಮಾಡಿದ. ಅಯ್ಯೋ ದೇವರೇ, ಅಜ್ಜಿಯದ್ದೂ ಸ್ವಿಚ್ ಆಫ್!

ರಕ್ಕಸ ಹೊಟ್ಟೆ ಕುಣಿಸಿ ನಕ್ಕ. “ಕೊನೆಯದು ಕೇಳಿ. ಸುಮ್ಮನೆ ಇರುತ್ತದೆ, ಸುಮ್ಮನೆ ಕೇಳಿದರೆ ಏಳುವುದಿಲ್ಲ. ಅದನ್ನು ಎಬ್ಬಿಸುವ ಮಾತು ಯಾವುದು?”

“ರಾಜಾಜ್ಞೆ!” ಎಂದ ಮಂತ್ರಿಯ ಮಗ. ಗುಳುಂ!

ಈಗ ಉಳಿದವನು ಮಂಕಾಳು ಒಬ್ಬನೇ. ಅಜ್ಜಿ ಯಾಕೆ ಫೋನು ಮುಚ್ಚಿಟ್ಟಳು? ಯಾರಿಗೂ ಇಲ್ಲ ಎನ್ನುವವಳಲ್ಲ ಅವಳು. ಜಗಲಿಯ ಮೇಲಿನ ಅವಳ ರುಬ್ಬುವ ಕಲ್ಲಿನಲ್ಲಿ ಇಡೀ ಕೇರಿ ರುಬ್ಬುತ್ತದೆ. ರುಬ್ಬಿದವರು ಹೋಗುವಾಗ ಒಂದು ಸೌಟು ಹಿಟ್ಟು ಅವಳ ಪಾತ್ರೆಗೆ ಹಾಕಿ ಹೋಗಬೇಕು, ಅದು ಕೇರಿಯ ಪದ್ಧತಿ. ಒಮ್ಮೆ ಶಾನುಭೋಗರ ಸೊಸೆ ಹಾಕದೆ ಹೋದಾಗ ಅಜ್ಜಿ ಬೀದಿಗೆ ಕೇಳುವಂತೆ ಕೂಗಿದ್ದಳು: “ಕಲ್ಲು ಸುಮ್ಮನೆ ಬಿದ್ದಿದೆ ಅಂತ ಸುಮ್ಮನೆ ರುಬ್ಬಿಕೊಂಡು ಹೋಗೋದಾ?”

ಮಂಕಾಳುವಿಗೆ ಉತ್ತರ ಹೊಳೆಯಿತು, ಹೊಳೆದ ಕೂಡಲೇ ಇನ್ನೂ ಹೆದರಿಕೆಯಾಯಿತು. ಅದನ್ನು ಹೇಳಿದರೆ ರಾಜನದೇ ತಪ್ಪು ಎಂದಂತೆ. ರಕ್ಕಸ ಬಿಟ್ಟರೂ ರಾಜ ಬಿಡುತ್ತಾನಾ? ಅಷ್ಟರಲ್ಲಿ ಮೊದಲ ಗಾಳಿ ಮುಖಕ್ಕೆ ಹೊಡೆಯಿತು. ಅಣ್ಣನ ನೆನಪಾಗಿ ಅವನು ಕಣ್ಣು ಮುಚ್ಚಿ ಹೇಳಿಯೇ ಬಿಟ್ಟ.

“‘ನಿಮ್ಮ ಪಾಲು ಇಷ್ಟು’ ಅನ್ನುವ ಮಾತು ಒಡೆಯ! ಸುಮ್ಮನೆ ಇರುವುದು ಬೇರೆ, ಸುಮ್ಮನೆ ಸಿಗುವುದು ಬೇರೆ. ಫೋನು ನಮ್ಮದು, ಕರೆಂಟು ನಮ್ಮದು. ನಾವು ಬಳಸದ ಹೊತ್ತಿನಲ್ಲಿ ದುಡಿಸಿಕೊಳ್ಳಿ, ದುಡಿದದ್ದಕ್ಕೆ ಕೂಲಿ ಕೊಡಿ. ಮಹಾರಾಜರು ಅದೊಂದು ಮಾತು ಮರೆತರು.”

ಉತ್ತರ ಸರಿಯಿತ್ತು! ರಕ್ಕಸ ಬಿಕ್ಕಳಿಸಿದ. ಒಂದು ಬಿಕ್ಕಳಿಕೆಗೆ ರಾಜಕುಮಾರ, ಇನ್ನೊಂದಕ್ಕೆ ಪಂಡಿತರು, ಮತ್ತೊಂದಕ್ಕೆ ಮಂತ್ರಿಯ ಮಗ ಹೊರಗೆ ಬಿದ್ದರು. ರಾಜನ ಮುಖ ಕೆಂಪಗಾಗಿ ಆಮೇಲೆ ಸಪ್ಪಗಾಯಿತು. “ಕೂಲಿ ಎಂದು ಸೇರಿಸಿ ಇನ್ನೊಮ್ಮೆ ಸಾರಿರಿ, ಬೇಗ!” ಎಂದ.

ಅಕ್ಕಿ ಡಬ್ಬಿಗಳು ತೆರೆದವು. ಕೇರಿಯ ಗೋಡೆಗೋಡೆಯಲ್ಲಿ ಫೋನುಗಳು ಬೆಳಗಿ, ಒಂದೊಂದು ಹಿಡಿ ಲೆಕ್ಕ ಮಾಡಿ ಕೂಡಿಸಿದವು. ಗಾಳಿ ತೆಂಕಣಕ್ಕೆ ತಿರುಗುತ್ತದೆ, ದೋಣಿಗಳು ಬಡಗಣ ಅಳಿವೆಗೆ, ಹೊಳೆ ಕಡಲು ಸೇರುವಲ್ಲಿಗೆ, ಬರಲಿ ಎಂಬ ಸುದ್ದಿ ಹೊರಟಿತು.

“ಏನು ಬೇಕು, ಕೇಳು” ಎಂದ ರಾಜ.

“ಅಣ್ಣ ದಡ ಮುಟ್ಟಲಿ ಒಡೆಯ, ಆಮೇಲೆ ಕೇಳುತ್ತೇನೆ” ಎಂದು ಮಂಕಾಳು ಗುಡ್ಡ ಇಳಿದು ಓಡಿದ.

ಅವನು ಕೇರಿ ಮುಟ್ಟುವ ಹೊತ್ತಿಗೆ ದೇವು ಒದ್ದೆ ಬಟ್ಟೆಯಲ್ಲೇ ಜಗಲಿಯ ಮೇಲೆ ಕೂತು ದೋಸೆ ತಿನ್ನುತ್ತಿದ್ದ. ಮಂಕಾಳು ಅಣ್ಣನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟ. ರಾಜ ಮುಂದೆ ಅವನನ್ನು ಕಡಲಂಚಿನ ಲೆಕ್ಕಕ್ಕೆಲ್ಲ ಯಜಮಾನನನ್ನಾಗಿ ಮಾಡಿದ, ಆ ಮಾತು ಇರಲಿ. ಅಷ್ಟರಲ್ಲಿ ಗೋಡೆಯ ಫೋನು ಟಿಣ್ ಎಂದಿತು. ಅಜ್ಜಿಗೆ ಅರಮನೆಯಿಂದ ಮೊದಲ ಕೂಲಿ ಬಂದಿತ್ತು.

ಅಜ್ಜಿ ಫೋನು ನೋಡಿದಳು, ದೇವುವನ್ನು ನೋಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇವತ್ತಿನದ್ದು ಬೇಡ ಅಂತ ರಾಜನಿಗೆ ಹೇಳು ಮಗಾ. ನನ್ನ ಪಾಲು ಬಂತು” ಎಂದಳು. ಆಮೇಲೆ ಇನ್ನೊಂದು ದೋಸೆ ಹುಯ್ಯುತ್ತಾ, “ನಾಳೆಯಿಂದ ಮಾತ್ರ ತಪ್ಪಿಸಬಾರದು!” ಎಂದಳು.