ಮೆತ್ತಗೆ ಹೊಡೆಯದವನು

"ಮೇಷ್ಟ್ರೇ, ಸಂಬಳಕ್ಕಾಗಿ ತಂಡ ಬಿಟ್ಟವನಿಗೆ ನಿಷ್ಠೆ ಅನ್ನೋದು ಇರುತ್ತಾ?"

ಕೇಳಿದವನು ಯತೀಶ. ಫುಟ್‌ಬಾಲ್ ಆಡುವುದೇ ಅವನ ಕಸುಬು. ಚೆಂಡು ಒದೆಯಲು ಕಲಿತದ್ದು ಲಾಜರಪ್ಪ ಮೇಷ್ಟ್ರ ಹತ್ತಿರ, ಹೆಸರು ಮಾಡಿದ್ದು ಹುಟ್ಟೂರಿನ ತಂಡದಲ್ಲಿ. ಈ ವರ್ಷ ದೊಡ್ಡ ತಂಡವೊಂದು ಕರೆಯಿತು, ಹೋದ. ಈ ಮಾತು ನಡೆದ ಮರುದಿನ ಆ ತಂಡದ ಪರವಾಗಿ ಹುಟ್ಟೂರಿನ ಎದುರೇ ಆಡಬೇಕಾಗಿತ್ತು. ಅವನಿಗೆ ಕಾಲೇ ಏಳುತ್ತಿರಲಿಲ್ಲ.

"ಗಾಳಿ ಕುಡಿದುಕೊಂಡು ಯಾರೂ ತೊಂಬತ್ತು ನಿಮಿಷ ಓಡೋಕಾಗಲ್ಲ" ಎಂದರು ಮೇಷ್ಟ್ರು. "ಸಂಬಳದ ಮಾತು ಬಿಡು. ನಾಳೆ ಏನು ಮಾಡಬೇಕು ಅಂತಿದ್ದೀಯ, ಅದನ್ನು ಹೇಳು."

"ಸ್ವಲ್ಪ ಬಿಟ್ಟುಕೊಟ್ಟು ಆಡೋಣ ಅಂತ..." ಯತೀಶ ತಲೆ ತಗ್ಗಿಸಿದ. "ಉಪ್ಪು ತಿಂದ ಊರು, ಮೇಷ್ಟ್ರೇ."

ಮೇಷ್ಟ್ರು ಬೈಯಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನ ತಂಡದಲ್ಲಿ ಗೋಲು ಹೊಡೆಯುವವನೊಬ್ಬನಿದ್ದ, ಗೋಲು ಕಾಯುವವನೊಬ್ಬನಿದ್ದ. ಹೊಡೆಯುವವನು ಹಿರಿಯ, ಕಾಯುವವನು ಹೊಸಬ. ಅಭ್ಯಾಸ ಮುಗಿದು ಎಲ್ಲರೂ ಮನೆಗೆ ಹೋದ ಮೇಲೂ ಇವರಿಬ್ಬರು ಮೈದಾನದಲ್ಲೇ ಉಳಿಯುತ್ತಿದ್ದರು. ಅವನು ಒದೆಯುವುದು, ಇವನು ಹಾರುವುದು. ಆ ಹುಚ್ಚಿನಲ್ಲಿ ಇಬ್ಬರಿಗೂ ಹಸಿವು ಮರೆತುಹೋಗುತ್ತಿತ್ತು.

ಒಂದು ದಿನ ಕಾಯುವವನಿಗೆ ಜ್ವರ. ಆದರೂ ಬಂದು ನಿಂತ. ಹೊಡೆಯುವವನಿಗೆ ಕನಿಕರವಾಯಿತು. ಮೆತ್ತಗೆ ಒದ್ದ. ಕಾಯುವವನು ಒಂದರ ಮೇಲೊಂದು ಚೆಂಡು ಹಿಡಿದ, ಹಿಗ್ಗಿ ಹೀರೇಕಾಯಿಯಾದ. ಆಮೇಲೆ ಸಂಗತಿ ಹೊಳೆಯಿತು. ಚೆಂಡನ್ನು ನೆಲಕ್ಕೆ ಕುಕ್ಕಿದ.

"ಅಣ್ಣಾ, ಹೊಡೆಯೋದಾದರೆ ಹೊಡಿ, ಇಲ್ಲಾಂದ್ರೆ ಮನೆಗೆ ಹೋಗು. ನನಗೆ ಇನ್ಯಾವತ್ತೂ ಮೆತ್ತಗೆ ಹೊಡೀಬೇಡ."

"ಇಲ್ಲ ಕಣೋ, ಹೊಡೆಯಲ್ಲ. ಮಾತು ಕೊಟ್ಟೆ" ಎಂದ ಹಿರಿಯ.

ವರ್ಷಗಳು ಕಳೆದವು. ಹೊಡೆಯುವವನನ್ನು ದೊಡ್ಡ ತಂಡ ಕರೆಯಿತು. ಅವನು ಹೋದ. ಅಲ್ಲಿಯವರೆಗೆ ಹೆಗಲ ಮೇಲೆ ಹೊತ್ತು ಕುಣಿದವರೇ ಅವನ ಹೆಸರೆತ್ತಿದರೆ ಉಗುಳತೊಡಗಿದರು. ನಾಲಗೆಗೆ ಎಲುಬಿಲ್ಲವಲ್ಲ. ಕಾಯುವವನು ಮಾತ್ರ ಉಗುಳಲಿಲ್ಲ. ಅಭ್ಯಾಸ ಮುಗಿದ ಮೇಲೆ ಖಾಲಿ ಮೈದಾನ ನೋಡಿದರೆ ಅವನಿಗೆ ಅಳು ಬರುತ್ತಿತ್ತು.

ಆ ವರ್ಷದ ಕೊನೆಯ ಪಂದ್ಯ ಬಂತು. ಎದುರಾಳಿ ಅದೇ ದೊಡ್ಡ ತಂಡ. ಸೋತರೆ ಊರಿನ ತಂಡ ಕೆಳಗಿನ ದರ್ಜೆಗೆ ಇಳಿಯಬೇಕು. ಒಮ್ಮೆ ಇಳಿದವರು ಮತ್ತೆ ಏಳುವುದು ಸುಲಭವಲ್ಲ. ಪಂದ್ಯ ಸಮವಾದರೂ ಸಾಕು, ತಂಡ ಉಳಿಯುತ್ತದೆ. ಆಟ ಮುಗಿಯುವ ಹೊತ್ತಿಗೆ ಎರಡೂ ಕಡೆ ಸಮವಾಗಿಯೇ ಇತ್ತು. ಆಗ ಊರಿನ ತಂಡದವನೊಬ್ಬ ಎಡವಟ್ಟು ಮಾಡಿಕೊಂಡ. ರೆಫ್ರಿ ಸೀಟಿ ಊದಿ ಪೆನಾಲ್ಟಿ ಕೊಟ್ಟ.

ದೊಡ್ಡ ತಂಡದ ನಾಯಕ ಹೊಡೆಯುವವನ ಬಳಿ ಬಂದು, "ನಿನಗೆ ಕಷ್ಟ ಆದರೆ ನಾನು ಹೊಡೀತೀನಿ" ಎಂದ. ಹೊಡೆಯುವವನು ಬೇಡವೆಂದು ತಲೆಯಾಡಿಸಿ ಚೆಂಡು ಎತ್ತಿಕೊಂಡ.

ಕಾಯುವವನ ಎದೆ ಹಗುರವಾಯಿತು. ಬೇಕೆಂದೇ ಮುಂದೆ ಬಂದಿದ್ದಾನೆ, ನಮ್ಮನ್ನು ಉಳಿಸಲು ಬಂದಿದ್ದಾನೆ ಎಂದುಕೊಂಡ. ಚೆಂಡು ಇಡುವ ಹೊತ್ತಿಗೆ ಹತ್ತಿರ ಹೋಗಿ, ಬೇರೆ ಯಾರಿಗೂ ಕೇಳದಂತೆ ಹೇಳಿದ. "ಅಣ್ಣಾ, ಈ ಊರಿನ ಅನ್ನ ಉಂಡಿದ್ದೀಯ. ಇದೊಂದು ಸಲ ಮೆತ್ತಗೆ ಹೊಡಿ."

ಹೊಡೆಯುವವನು ತಲೆ ಎತ್ತಿದ. ಅವನ ಕಣ್ಣು ತುಂಬಿತ್ತು.

"ಮೆತ್ತಗೆ ಹೊಡೀಬೇಡ ಅಂದವನು ನೀನೇ ಅಲ್ವೇನೋ?"

ಕಾಯುವವನಿಗೆ ಜ್ವರದ ದಿನ ನೆನಪಾಯಿತು. ನಾಚಿಕೆಯಿಂದ ಮುಖ ಬಿಸಿಯಾಯಿತು. ಇಡೀ ಊರು ಎದುರಿಗಿದ್ದ ಇವನನ್ನು ನಂಬಿಕೆಗೆಟ್ಟವನು ಎಂದು ಜರಿದಿತ್ತು. ಇವನು ಕೊಟ್ಟ ಮಾತು ಇವನಿಗೆ ನೆನಪಿತ್ತು. ಅದನ್ನು ಮುರಿ ಎಂದು ಬೇಡಿದವನು ತಾನು. ಹಿಂದಕ್ಕೆ ಹೋಗಿ ಗೆರೆಯ ಮೇಲೆ ನಿಂತ. ಈಗ ಅವನಿಗೆ ಭಯವಿರಲಿಲ್ಲ. ಎದುರಿಗೆ ನಿಂತವನು ಹೊಡೆಯುವವನು, ತಾನು ಕಾಯುವವನು, ಅಷ್ಟೇ.

ಸೀಟಿ ಕೇಳಿತು. ಹೊಡೆಯುವವನು ಮೈಯಲ್ಲಿದ್ದ ಬಲವನ್ನೆಲ್ಲ ಕಾಲಿಗೆ ತಂದು ಒದ್ದ. ಅಂಥ ಹೊಡೆತವನ್ನು ಕಾಯುವವನು ಅವನಿಂದಲೂ ಕಂಡಿರಲಿಲ್ಲ. ಹಾರಿದ. ಚೆಂಡು ಅವನ ಕಿರುಬೆರಳಿಗೆ ತಾಗಿ, ಕಂಬಕ್ಕೆ ಬಡಿದು, ಹೊರಗೆ ಹೋಯಿತು.

ಆಟ ಮುಗಿಯಿತು. ಊರಿನ ತಂಡ ಉಳಿಯಿತು. ಜನ ಮೈದಾನಕ್ಕೆ ನುಗ್ಗಿದರು. "ಬೇಕಂತಲೇ ತಪ್ಪಿಸಿದ! ಉಪ್ಪಿನ ಋಣ ತೀರಿಸಿದ!" ಎಂದು ಕೂಗುತ್ತ ಊರಿನ ಹಿರಿಯನೊಬ್ಬ ಹಾರ ಹಿಡಿದು ಓಡಿ ಬಂದ. ಅತ್ತ ದೊಡ್ಡ ತಂಡದವರು, "ಉಂಡ ಮನೆಗೆ ಎರಡು ಬಗೆದ" ಎಂದು ಬೆನ್ನು ತಿರುಗಿಸಿದರು. ಈ ಕಡೆ ಹಾರ, ಆ ಕಡೆ ಶಾಪ, ಎರಡೂ ಒಂದೇ ಸುಳ್ಳಿಗೆ. ಹೊಡೆಯುವವನು ಎಲ್ಲರನ್ನೂ ದಾಟಿ ನಡೆದ. ನೇರವಾಗಿ ಕಾಯುವವನ ಬಳಿ ಬಂದು, "ಬೆರಳು ತೋರಿಸು" ಎಂದ.

ಕಾಯುವವನು ಕೈಗವಸು ಎಳೆದು ತೆಗೆದ. ಬೆರಳು ಮುರಿದು ಅಡ್ಡ ತಿರುಗಿತ್ತು, ಬದನೆಕಾಯಿಯಂತೆ ಊದಿತ್ತು. ತಾನು ಸುಮ್ಮನಿದ್ದರೆ ಊರು ಅಣ್ಣನನ್ನು ಮತ್ತೆ ಹೆಗಲ ಮೇಲೆ ಹೊರುತ್ತದೆ ಎಂದು ಅವನಿಗೆ ಗೊತ್ತಿತ್ತು. ಬಾಯಿ ಬಿಟ್ಟರೆ ಇವನ ಮೇಲೆ ಕಲ್ಲು ಬಿದ್ದರೂ ಬಿದ್ದೀತು. ಆದರೆ ಸುಮ್ಮನಿದ್ದರೆ ಇವನು ಆಡಿದ ಆಟವೇ ಸುಳ್ಳಾಗುತ್ತದೆ. ಕಾಯುವವನು ಆ ಕೈಯನ್ನು ತಲೆಯ ಮೇಲಕ್ಕೆ ಎತ್ತಿ, ಎರಡೂ ಕಡೆಯವರಿಗೆ ಕಾಣುವಂತೆ ಹಿಡಿದ.

"ಬಿಟ್ಟುಕೊಟ್ಟ ಚೆಂಡು ಹೀಗೆ ಮಾಡುತ್ತಾ? ನೋಡ್ರಪ್ಪಾ!"

ಗದ್ದಲ ನಿಂತಿತು. ದೊಡ್ಡ ತಂಡದ ನಾಯಕ ಹಿಂದಿರುಗಿ ಬಂದು ಹೊಡೆಯುವವನ ಪಕ್ಕದಲ್ಲಿ ನಿಂತ. ಹಾರ ಹಿಡಿದಿದ್ದ ಹಿರಿಯ ಬೆರಳನ್ನು ನೋಡಿದ, ಹೊಡೆಯುವವನನ್ನು ನೋಡಿದ. ತಮ್ಮನ್ನು ಮುಳುಗಿಸಲು ಇವನು ಬಲವನ್ನೆಲ್ಲ ಸುರಿದಿದ್ದ. ಹಾರ ಹಾಕುವುದು ಹೇಗೆ? ಆದರೆ ಕಲ್ಲೆತ್ತಲೂ ಯಾರಿಗೂ ಕೈ ಬರಲಿಲ್ಲ.

ಹೊಡೆಯುವವನು ನೆಲದ ಮೇಲೆ ಕುಳಿತು ತನ್ನ ಬೂಟಿನ ದಾರ ಬಿಚ್ಚಿದ. ಮುರಿದ ಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ ನೋವಾಗದಂತೆ ಕಟ್ಟಿದ. ಮೆತ್ತಗೆ ಕಟ್ಟಿದ. ಆಮೇಲೆ ಎದ್ದು, ಸಡಿಲವಾದ ಬೂಟಿನಲ್ಲೇ ನಡೆದ. ದೇವರ ಪಲ್ಲಕ್ಕಿಗೆ ಬಿಡುವಂತೆ ಜನ ಅವನಿಗೆ ದಾರಿ ಬಿಟ್ಟರು.

ಮೇಷ್ಟ್ರು ಕತೆ ನಿಲ್ಲಿಸಿದರು. ಯತೀಶ ತನ್ನ ಕಾಲುಗಳನ್ನು ನೋಡಿಕೊಂಡ. ಆಮೇಲೆ ಕೇಳಿದ.

"ಹಾಗಾದರೆ ಅವನು ಯಾವ ತಂಡದವನು, ಮೇಷ್ಟ್ರೇ?"

"ಯಾರ ಬೆರಳು ಮುರಿದನೋ, ಅವರವನು."